ಅಮೃತವ್ವನ ಮೇಲೆ ಬಂದ ಮಾತು

ಬೆಟಗೇರಿಯ ಆ ಓಣಿಯಲ್ಲಿ ಅಮೃತವ್ವನ ಕಾಲ ಮೇಲೆ ಮಲಗಿ ನೀರು ಹೊಯ್ಯಿಸಿಕೊಳ್ಳದೆ ದೊಡ್ಡವರಾದವರು ಸಿಗುವುದು ಕಷ್ಟ. ಈಗ ಮೀಸೆ ತಿರುವಿಕೊಂಡು ಬುಲೆಟ್ ಗಾಡಿ ಗುಡುಗುಡಿಸುವವನನ್ನೂ ಆಕೆ ಕಟ್ಟೆಯ ಮೇಲಿಂದಲೇ ಗದರಿಸಿ ನಿಲ್ಲಿಸುತ್ತಿದ್ದಳು. "ಭಾಳ ಮೆರೀಬ್ಯಾಡಲೇ, ನಿನ್ನ ಕುಂಡಿಗೆ ಮೊದಲ ಎಣ್ಣಿ ಹಚ್ಚಿದಾಕಿ ನಾನು!" ಅವನು ಹಲ್ಲು ಕಿರಿದು ಗಾಡಿಯ ಸದ್ದು ಇಳಿಸಿಕೊಂಡು ಹೋಗಬೇಕು, ಬೇರೆ ದಾರಿಯಿಲ್ಲ. ಕೂಸು ಹುಟ್ಟಿದ ಮನೆಗೆ ದಿನಾ ಬೆಳಿಗ್ಗೆ ಹೋಗಿ ಬಾಣಂತಿಗೂ ಕೂಸಿಗೂ ಎರೆಯುವುದು ಆಕೆಯ ಕೆಲಸ. ಕುರ್ತಕೋಟಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ವರ್ಷವೇ ಅತ್ತೆಯಿಂದ ಈ ಕೆಲಸ ಕಲಿತಳು. ಬಡವಿ ಅಂತ ಯಾರೂ ಅಯ್ಯೋ ಅನ್ನುವ ಹಾಗಿರಲಿಲ್ಲ. ಅಂಥವರಿಗೆ ಉತ್ತರ ಕೊಡಲು ಆಕೆಯ ಬಾಯಿ ಬೇಕಾದಷ್ಟು ಗಟ್ಟಿಯಿತ್ತು.

ಆಕೆ ಎರೆಯುವುದನ್ನು ನೋಡಬೇಕು. ಬಚ್ಚಲಿನಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ತನಕ ಏರಿಸಿ, ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸುವಳು. ಎಣ್ಣೆ ತಿಕ್ಕಿ, ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಎಳೆದು, ಕಾಲನ್ನು ಹೊಟ್ಟೆಗೆ ಮಡಚಿ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿ, ಬಲಗೈಯನ್ನು ಎಡಗಾಲಿಗೆ ಮುಟ್ಟಿಸಿ, ಆಮೇಲೆ ಬಿಸಿನೀರು ಹೊಯ್ಯುವಳು. ಹಾಗೆ ಎಳೆದರೇ ಎಲುಬು ಬಿಗಿಯಾಗುತ್ತದೆ ಎಂದು ಆ ಓಣಿಯೆಲ್ಲ ನಂಬಿತ್ತು. ಕೊನೆಯ ತಂಬಿಗೆ ನೀರು ಬೊಗಸೆಯಲ್ಲಿ ಹಿಡಿದು ಕೂಸಿನ ಸುತ್ತ ಇಳಿಸಿ ದೃಷ್ಟಿ ತೆಗೆಯುವಳು. "ಅವ್ವನ ದೃಷ್ಟಿ, ಅಪ್ಪನ ದೃಷ್ಟಿ, ಆಯಿ ದೃಷ್ಟಿ, ಹೋದವರ ದೃಷ್ಟಿ, ಬಂದವರ ದೃಷ್ಟಿ, ಎರದಾಕಿ ದೃಷ್ಟಿ, ಎಲ್ಲಾ ಹೋಗ್ಲಿ!" ಎಂದು ನೀರು ಎರಚುವಳು. ಎರೆದವಳ ದೃಷ್ಟಿಯನ್ನೂ ಯಾಕೆ ಸೇರಿಸುತ್ತೀ ಎಂದು ಯಾರಾದರೂ ಕೇಳಿದರೆ, "ಹಗಲೆಲ್ಲಾ ಇಂಥಾ ಚೆಂದನ್ನ ಕೂಸು ನೋಡ್ತೀನಿ, ನನ್ನ ಕಣ್ಣೇನು ಕಲ್ಲೇನು?" ಅನ್ನುವಳು.

ಓಣಿಯ ಮನೆಗಳಲ್ಲೆಲ್ಲ ಆಕೆಗೆ ಹೆಚ್ಚು ಬಳಕೆಯಿದ್ದದ್ದು ಅನ್ನಪೂರ್ಣವ್ವನ ಮನೆ. ನೂಲಿನ ವ್ಯಾಪಾರಸ್ಥರು, ಕಟ್ಟಿದ ಮನೆ, ನಾಕು ಜನ ಬಂದು ಹೋಗುವ ಪಡಸಾಲೆ. ಅನ್ನಪೂರ್ಣವ್ವನ ಒಬ್ಬಳೇ ಮಗಳು ಕಾಂಚನಾ ದಿನ ತುಂಬುವ ಮೊದಲೇ ಹುಟ್ಟಿದ್ದಳು. ಅಂಗೈಯಷ್ಟಿದ್ದ ಕೂಸನ್ನು ಅರಳೆಯಲ್ಲಿ ಸುತ್ತಿಟ್ಟು, ಬಾಣಂತಿ ಕೋಣೆಯಲ್ಲೇ ಮಲಗಿ ಜೋಪಾನ ಮಾಡಿದವಳು ಅಮೃತವ್ವ. ಅನ್ನಪೂರ್ಣವ್ವ ಅದನ್ನು ಮರೆತವಳಲ್ಲ. ಬಂದವರ ಮುಂದೆ, "ನಮ್ಮ ಕಾಂಚನಾಗ ಇಬ್ಬರು ಅವ್ವಂದಿರು ನೋಡ್ರಿ" ಎಂದು ಅಮೃತವ್ವನನ್ನು ತೋರಿಸುವಳು. ಆ ಮಾತನ್ನು ಅಮೃತವ್ವ ಖರೆ ಅಂತಲೇ ತಿಳಿದಿದ್ದಳು. ತಪ್ಪು ಮಾಡಿದ್ದೆಂದರೆ ಅದೊಂದೇ.

ಕಾಂಚನಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಗಂಡ ವೀರೇಶನದು ಎಣ್ಣೆ ಮತ್ತು ಕಿರಾಣಿ ಸಾಮಾನಿನ ದೊಡ್ಡ ಅಂಗಡಿ. ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆಲ್ಲ ಅವನದೇ ಗಾಡಿಯಲ್ಲಿ ಮಾಲು ಹೋಗುತ್ತಿತ್ತು, ಅವನೂ ಜೊತೆಗೆ ಹೋಗುತ್ತಿದ್ದ, ಎಷ್ಟೋ ಸಲ ಅಲ್ಲೇ ಉಳಿಯುತ್ತಿದ್ದ. ನಗುನಗುತ್ತ ಮಾತಾಡುವ, ಅತ್ತೆ ಮಾವನ ಕಾಲಿಗೆ ಮರೆಯದೆ ಬೀಳುವ ಅಳಿಯ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಕುಬುಸದ ಶಾಸ್ತ್ರ ಮಾಡಿ ಕಾಂಚನಾಳನ್ನು ಕರೆತಂದಾಗ ಅವನು ಖರ್ಜೂರದ ದೊಡ್ಡ ಡಬ್ಬಿಯನ್ನೂ ಕಳಿಸಿದ್ದ.

"ಎಷ್ಟ ಖರ್ಜೂರ ತಿಂತೀ, ಕಾಂಚವ್ವಾ?" ಎಂದು ಅಮೃತವ್ವ ಚೇಷ್ಟೆ ಮಾಡಿದಳು. ಕಾಂಚನಾ ಸಣ್ಣಂದಿನಿಂದ ಆಕೆಯನ್ನು ಆಯಿ, ಅಜ್ಜಿ, ಎಂದೇ ಕರೆಯುವಳು.

"ಏನ್ ಮಾಡ್ಲಿ ಆಯಿ, ಮೂರನೇ ತಿಂಗಳದಾಗ ಲಕ್ಷ್ಮೇಶ್ವರದ ಡಾಕ್ಟರು ರಕ್ತ ಪರೀಕ್ಷಾ ಮಾಡಿಸಿದ್ರು. ರಕ್ತ ಕಡಿಮಿ ಐತಿ ಅಂತ ಇವರಿಗೆ ಫೋನ್ ಮಾಡಿ ಹೇಳಿದ್ರಂತ. ಅವತ್ತಿಂದ ತಿನಿಸಾಕತ್ತಾರ."

ಇಂಥ ಗಂಡ ಎಲ್ಲರಿಗೂ ಸಿಗಲಿ ಎಂದು ಅಮೃತವ್ವ ಮನಸಾರೆ ಹರಸಿದಳು. ಹೆರಿಗೆಯ ಹೊತ್ತಿಗೆ ಓಡಿಬಂದ ವೀರೇಶ ಆಸ್ಪತ್ರೆಯವರಿಗೂ, "ಪರೀಕ್ಷಾ ಎಲ್ಲಾ ನಮ್ಮ ಊರಾಗ ಆಗ್ಯಾವ್ರಿ, ಎಲ್ಲಾ ಬರೋಬರಿ ಅದಾವ" ಎಂದು ಹೇಳಿದ. ಹೆಣ್ಣು ಕೂಸು ಹುಟ್ಟಿತು. ತೂಕ ಸರಿಯಿತ್ತು, ಅಳು ಜೋರಿತ್ತು. ಅಮೃತವ್ವ ಮನೆಮನೆಗೆ ಹೋಗಿ, "ಅವ್ವನಂಗ ಇಲಿಮರಿ ಅಲ್ಲವಾ ಇದು, ಬೆಣ್ಣಿ ಮುದ್ದಿ ಐತಿ" ಎಂದು ಸಾರಿ ಬಂದಳು.

ಬೆಣ್ಣೆ ಮುದ್ದೆ ಒಂದು ತಿಂಗಳು ಬೆಣ್ಣೆ ಮುದ್ದೆಯಾಗಿಯೇ ಇತ್ತು. ಆಮೇಲೆ ಅದರ ಮೂಗು ಕಟ್ಟಿತು. ಹಾಲು ಕುಡಿಯುವಾಗ ಗೊರ ಗೊರ ಸದ್ದು, ಉಸಿರಿಗೆ ಸಿಕ್ಕಿಕೊಂಡು ಮೊಲೆ ಬಿಟ್ಟು ಅಳುವುದು. ಅಮೃತವ್ವ ನೇರವಾಗಿ ಬಾಣಂತಿಯ ಮೇಲೆ ಹರಿಹಾಯ್ದಳು. "ಮೊಸರು ತಿಂದಿ ಹೌದಿಲ್ಲೋ? ಕದ್ದು ತಿಂದಿ!" ಕಾಂಚನಾ ಇಲ್ಲವೆಂದು ಆಣೆ ಮಾಡಿದರೂ ನಂಬಲಿಲ್ಲ. ಲೋಬಾನದ ಹೊಗೆ ಹೆಚ್ಚು ಹಾಕಿದಳು. ಮೂಗಿನಿಂದ ಇಳಿಯುತ್ತಿದ್ದ ಅಂಟು ಲೋಳೆಯನ್ನು ದಿನಾ ಬರಿಬೆರಳಿನಿಂದಲೇ ತೆಗೆದಳು. ಒಮ್ಮೊಮ್ಮೆ ಅದರಲ್ಲಿ ರಕ್ತದ ಎಳೆ ಇರುತ್ತಿತ್ತು. ನೀರಿನಲ್ಲೇ ಇದ್ದು ಇದ್ದು ಆಕೆಯ ಬೆರಳುಗಳು ಬಿರುಕು ಬಿಟ್ಟಿದ್ದವು. ಅದರ ಕಡೆ ಯಾರ ಲಕ್ಷ್ಯವೂ ಇರಲಿಲ್ಲ, ಆಕೆಯದಂತೂ ಇಲ್ಲವೇ ಇಲ್ಲ.

ಹಿಂದೆಯೇ ಕೂಸಿನ ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಕಲೆ ಎದ್ದು ಸಿಪ್ಪೆ ಸುಲಿಯತೊಡಗಿತು. ನೀರು ಬಿಸಿ ಹೆಚ್ಚಾಯಿತೆಂದು ಅಮೃತವ್ವ ನೀರನ್ನು ಆರಿಸಿ ಹೊಯ್ದಳು, ಅರಿಸಿನ ಹಚ್ಚಿದಳು. ಅನ್ನಪೂರ್ಣವ್ವ ಒಮ್ಮೆ ದವಾಖಾನೆಗೆ ತೋರಿಸೋಣವೇ ಎಂದಾಗ, "ಇಂಥಾವು ನೂರು ನೋಡೀನಿ ಬಿಡಕ್ಕಾ" ಎಂದವಳೂ ಆಕೆಯೇ. ನೂರು ಕೂಸು ನೋಡಿದ್ದು ನಿಜ. ಇದನ್ನು ನೋಡಿರಲಿಲ್ಲ.

ಒಂದು ಬೆಳಿಗ್ಗೆ ಎಣ್ಣೆ ತಿಕ್ಕಿ ಎಡಗೈ ಎತ್ತಿದ್ದೇ ತಡ, ಕೂಸು ಕಿಟಾರನೆ ಕಿರುಚಿತು. ಕೈ ಬಿಟ್ಟರೆ ಸತ್ತದ್ದರಂತೆ ಕೆಳಗೆ ಬಿತ್ತು. ಇನ್ನೊಂದು ಸಲ ಮುಟ್ಟಿದರೆ ಮತ್ತೆ ಅದೇ ಚೀರಾಟ. ಬಲಗೈ ಆಡುತ್ತಿತ್ತು, ಎಡಗೈ ಇಲ್ಲ. ಅನ್ನಪೂರ್ಣವ್ವ ಬಚ್ಚಲ ಬಾಗಿಲಿಗೆ ಓಡಿಬಂದಳು.

"ಏನ್ ಮಾಡಿದಿ?"

ಏನಾಯಿತು ಎಂದು ಕೇಳಲಿಲ್ಲ. ಏನು ಮಾಡಿದಿ ಎಂದಳು. ಅಷ್ಟು ವರ್ಷದ ಬಳಕೆಯಲ್ಲಿ ಆ ಧ್ವನಿಯನ್ನು ಅಮೃತವ್ವ ಕೇಳಿರಲಿಲ್ಲ. "ನಾ ಏನೂ ಮಾಡಿಲ್ಲಕ್ಕಾ, ದಿನಾ ಎಳದಂಗ..." ಎಂದು ಅರ್ಧಕ್ಕೆ ನಿಂತಳು. ದಿನಾ ಎಳೆದ ಹಾಗೆ ಎಳೆದದ್ದೇ ತಪ್ಪಾಯಿತೇನೋ ಎಂಬ ಹೆದರಿಕೆ ಆ ಕ್ಷಣದಲ್ಲೇ ಎದೆಯಲ್ಲಿ ಕೂತುಬಿಟ್ಟಿತು.

ಒದ್ದೆ ಸೀರೆಯಲ್ಲೇ ಗದಗಿನ ಮಕ್ಕಳ ದವಾಖಾನೆಗೆ ಅವರ ಹಿಂದೆ ಹೋದಳು. ಪದ್ಮಜಾ ಎಂಬ ಡಾಕ್ಟರಬಾಯಿ, ವಯಸ್ಸು ಚಿಕ್ಕದು. ಅನ್ನಪೂರ್ಣವ್ವ ಒಳಗೆ ಕಾಲಿಡುವ ಮೊದಲೇ, "ಎರಿಯಾಕಿ ಕೈ ಎಳದು ಮುರದಾಳ್ರಿ" ಎಂದಳು. ಪದ್ಮಜಾ ಕೈಯನ್ನು ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿ ಬಿಟ್ಟಳು. ಆಮೇಲೆ ಅಂಗಾಲು ತಿರುವಿ ನೋಡಿದಳು, ಅಂಗೈ ಬಿಡಿಸಿ ನೋಡಿದಳು, ಮೂಗಿನ ಸದ್ದಿಗೆ ಕಿವಿಯಿಟ್ಟಳು, ಹೊಟ್ಟೆ ಒತ್ತಿ ಒತ್ತಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಮೃತವ್ವ, ಕೈ ಮುರಿದುಕೊಂಡು ಬಂದ ಕೂಸಿನ ಅಂಗಾಲು ನೋಡುತ್ತ ಕೂತಿದ್ದಾಳಲ್ಲ, ಇವಳೆಂಥ ಡಾಕ್ಟರು ಎಂದು ಮನಸ್ಸಿನಲ್ಲೇ ಬೈದಳು. ಕೂಸನ್ನು ಎಕ್ಸ್‌ರೇಗೆ ಒಯ್ಯುವಾಗ ಆಕೆಯೂ ಹೆಜ್ಜೆ ಹಾಕಿದಳು. ಅನ್ನಪೂರ್ಣವ್ವ ಅಡ್ಡ ನಿಂತಳು.

"ನೀ ಮನಿಗೆ ಹೋಗು. ಮಾಡಿದ್ದ ಸಾಕು."

ಕಾಂಚನಾ ಆಗ ಕೂಸಿನ ಮುಖ ಬಿಟ್ಟು ಬೇರೇನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಅಮೃತವ್ವ ಬೆಟಗೇರಿಯ ತನಕ ನಡೆದೇ ಬಂದಳು.

ಆಮೇಲಿನದನ್ನು ಓಣಿ ನೋಡಿಕೊಂಡಿತು. ಕೂಸಿನ ಕೈ ಮುರಿದದ್ದು ಎರೆಯುವ ಅಮೃತವ್ವ ಎಂಬ ಮಾತಿಗೆ ಒಂದು ಹಗಲು ಸಾಕಾಯಿತು. ಯಾರೂ ಆಕೆಯ ಮುಖದ ಮುಂದೆ ಅನ್ನಲಿಲ್ಲ, ಅಷ್ಟು ಸಭ್ಯರು! ಆಕೆ ಎರೆಯುತ್ತಿದ್ದ ಇನ್ನೊಂದು ಮನೆಯವರು, "ನಾಳಿಂದ ನಮ್ಮ ಅತ್ತೀನ ಎರೀತಾಳವಾ" ಎಂದು ಹೇಳಿ ಕಳಿಸಿದರು. ಬಸುರಿಯರು ಎದುರಿಗೆ ಬಂದರೆ ದಾರಿ ಬಿಟ್ಟು ಆಚೆಗೆ ಹೋದರು. ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿದ್ದವರಿಗೆ ಒಳಗೆ ಕೆಲಸ ನೆನಪಾಗುತ್ತಿತ್ತು.

ಬೇರೆ ಯಾರ ಮಾತನ್ನಾದರೂ ತಡೆದುಕೊಳ್ಳುತ್ತಿದ್ದಳೇನೋ, ತನ್ನ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮನೆಯಲ್ಲಿ ಕೂತು ದಿಂಬನ್ನು ಕಾಲ ಮೇಲೆ ಹಾಕಿಕೊಂಡು ಅದರ ಮೂಲೆ ಹಿಡಿದು ಎಳೆದು ನೋಡುವಳು. ಇಷ್ಟು ಎಳೆದೆನೇ? ಇಲ್ಲ, ಇಷ್ಟು. ಅವತ್ತು ಸಿಟ್ಟಿನಲ್ಲಿದ್ದೆನೇ? ಕಣ್ಣು ಮಂಜಾಗಿತ್ತೇ? ವಯಸ್ಸಾಯಿತು, ಕೈಗೆ ಅಂದಾಜು ತಪ್ಪಿತು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಕಾಂಚನಾಳ ಕೂಸಿನ ಕೈ ಮುರಿದ ಕೈ ಇದು ಎಂದು ಊಟದ ತಾಟಿನ ಮುಂದೆ ಅಂಗೈ ನೋಡಿಕೊಂಡು ಅಳುವಳು.

ತಡೆಯದೆ ಒಂದು ದಿನ ಅವರ ಮನೆಗೆ ಹೋದಳು. ಕಾಂಚನಾ ಕೂಸಿನ ಜೊತೆ ಇನ್ನೂ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲೇ ಇದ್ದಳು, ಪದ್ಮಜಾ ಅಲ್ಲಿಗೆ ಕಳಿಸಿದ್ದಳು. ಅನ್ನಪೂರ್ಣವ್ವ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ಕೂಸು ಹೆಂಗೈತಿ, ಅಕ್ಕಾ?"

"ಆರಾಮ ಐತಿ. ಎಲುಬು ಕೂಡಾಕತ್ತೇತಿ."

"ನಾ ಒಮ್ಮೆ ನೋಡಿ ಬರ್ಲೇನು? ದೂರದಿಂದ."

"ಬ್ಯಾಡ. ಕಾಂಚನಾ ಸಿಟ್ಟಿಗೆದ್ದಾಳ."

ಎಲುಬು ಕೂಡುತ್ತಿದೆ ಎಂಬ ಮಾತು ಕೇಳಿ ಅಮೃತವ್ವ ಅಲ್ಲೇ ಹೊಸ್ತಿಲಿಗೆ ಕೈ ಮುಗಿದಳು. ಕಾಂಚನಾಳ ಸಿಟ್ಟು ನ್ಯಾಯವಾದದ್ದೇ ಎಂದುಕೊಂಡು ತಿರುಗಿ ಬಂದಳು.

ಆ ಹೊತ್ತಿಗಾಗಲೇ ಆಕೆಯ ತೋರುಬೆರಳ ಸಂದಿಯಲ್ಲಿ ಒಂದು ಹುಣ್ಣು ಎದ್ದಿತ್ತು. ಗಟ್ಟಿ ಅಂಚು, ನೋವಿಲ್ಲ, ಕೀವಿಲ್ಲ. ಅರಿಸಿನಕ್ಕೂ ಬಗ್ಗಲಿಲ್ಲ, ಬೇವಿನ ಎಲೆಗೂ ಬಗ್ಗಲಿಲ್ಲ. ಪಾಪ ಮಾಡಿದ ಕೈ, ಹುಣ್ಣಾಗದೆ ಹೂವಾಗುತ್ತದೆಯೇ ಎಂದು ಬಿಟ್ಟುಬಿಟ್ಟಳು. ಕಂಕುಳಲ್ಲಿ ಗಂಟು ಕಟ್ಟಿದ ಮೇಲೆ ದವಾಖಾನೆಗೆ ಹೋಗುವ ಮನಸ್ಸಾಯಿತು. ಯಾವ ದವಾಖಾನೆ? ಕಾಲು ತಾವಾಗಿ ಪದ್ಮಜಾಳ ಬಾಗಿಲಿಗೆ ಹೋದವು. ಹುಣ್ಣು ಒಂದು ನೆಪ. ಕೂಸು ಕೈ ಎತ್ತುತ್ತದೆಯೇ ಎಂದು ಕೇಳುವುದಿತ್ತು.

ಪದ್ಮಜಾ ಬೆರಳು ನೋಡಿದಳು, ಆಮೇಲೆ ಮುಖ ನೋಡಿದಳು. "ನಿಮ್ಮನ್ನ ಎಲ್ಲೋ ನೋಡೀನಲ್ರೀ ಅವ್ವಾರ?"

"ಕೂಸಿನ ಕೈ ಮುರದಾಕಿ ನಾನ ರೀ, ಡಾಕ್ಟರಬಾಯಾರ."

ಪದ್ಮಜಾ ಕುರ್ಚಿ ಎಳೆದು ಹತ್ತಿರ ಕೂತಳು. "ಸಿಂಗಟಾಲೂರಿಂದ ಯಾವಾಗ ಬಂದ್ರಿ?"

"ಸಿಂಗಟಾಲೂರು? ಅಲ್ಲಿ ನನಗ ಯಾರದಾರ್ರೀ? ನಾ ಬೆಟಗೇರಿ ಬಿಟ್ಟ ಎಲ್ಲೂ ಹೋಗಿಲ್ಲ."

"ನಿಮ್ಮನ್ನ ಜಲ್ದಿ ಕಳಸ್ರಿ, ರಕ್ತ ಪರೀಕ್ಷಾ ಮಾಡಬೇಕು ಅಂತ ಆ ಮನಿಯವ್ವಗ ನಾ ಎರಡು ಸಲ ಹೇಳೀನಿ. ಸಿಂಗಟಾಲೂರಕ್ಕ ಮಗಳ ಮನಿಗೆ ಹೋಗ್ಯಾಳ, ಖಬರ ಮುಟ್ಟಸೀನಿ ಅಂದ್ರು."

ಅಮೃತವ್ವನಿಗೆ ಮಗಳೇ ಇಲ್ಲ. ಪದ್ಮಜಾ, "ಒಂದು ಮಾತು ಈಗ ಹೇಳ್ತೀನಿ ಕೇಳ್ರಿ. ನೀವು ಯಾರ ಕೈನೂ ಮುರದಿಲ್ಲ" ಅಂದಳು. "ಉಳದದ್ದು ಹೇಳಾಕ ಆ ಹುಡುಗಿ ಒಪ್ಪಿಗಿ ಬೇಕು." ಹೊರಗೆ ಹೋಗಿ ಫೋನ್ ಮಾಡಿ ಬಂದಳು. ಬಂದವಳು ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡಿದಳು. ಕಾಂಚನಾ ಅಳುತ್ತಿದ್ದಳು.

"ಆಯಿ, ನಿನಗ ಯಾರೂ ಹೇಳಿಲ್ಲೇನು? ಅವ್ವ ಎಲ್ಲಾ ಹೇಳೀನಿ ಅಂದ್ಲು. ನೀನ ಹೇಸಿಕೊಂಡು ನನ್ನ ನೋಡಾಕ ಬರವಲ್ಲಿ ಅಂದ್ಲು. ಡಾಕ್ಟರಬಾಯಾರ, ಎಲ್ಲಾ ಹೇಳ್ರಿ. ಏನೂ ಮುಚ್ಚಿಡಬ್ಯಾಡ್ರಿ."

ಪದ್ಮಜಾ ಹೇಳಿದಳು, ಅಮೃತವ್ವನಿಗೆ ತಿಳಿಯುವ ಹಾಗೆ ನಿಧಾನಕ್ಕೆ. ಅವತ್ತು ಎಕ್ಸ್‌ರೇ ತೆಗೆದಾಗ ಎಡಗೈಯ ಎಲುಬಿನ ತುದಿ ಇಲಿ ಕಡಿದಂತೆ ಕಂಡಿತು. ಅನುಮಾನ ಬಂದು ಬಲಗೈ ತೆಗೆಸಿದಳು, ಎರಡೂ ಕಾಲು ತೆಗೆಸಿದಳು. ನಾಲ್ಕರಲ್ಲೂ ಅದೇ. "ಎಳದರ ಒಂದು ಕಡೆ ಮುರೀತೈತಿ, ಅವ್ವಾರ. ನಾಕೂ ಕಡೆ ಒಂದೇ ಥರ ತಿಂದಂಗ ಆಗಾಂಗಿಲ್ಲ. ಎಲುಬಿನ ತುದಿ ನೋಯ್ತಾವ, ಅದಕ್ಕ ಕೂಸು ಕೈ ಎತ್ತವಲ್ದಾಗಿತ್ತು. ಮೂಗು, ಅಂಗಾಲಿನ ಸಿಪ್ಪಿ, ಹೊಟ್ಟ್ಯಾಗ ಊದಿದ ಲಿವರ್, ಎಲ್ಲಾ ಒಂದೇ ಮಾತು ಹೇಳಾಕತ್ತಿದ್ವು." ತಾಯಿಯ ರಕ್ತ ನೋಡಿದರು, ಕೂಸಿನದನ್ನೂ ನೋಡಿದರು. ತಾಯಿಯ ರಕ್ತದಿಂದ ಬರೇ ರೋಗದ ಗುರುತು ಕೂಸಿಗೆ ಇಳಿದಿರಲೂಬಹುದು, ಹಾಗಾಗಿ ಎರಡನ್ನೂ ಒಟ್ಟಿಗಿಟ್ಟು ಅಳೆದರು. ಕೂಸಿನದು ತಾಯಿಯದಕ್ಕಿಂತ ಬಹಳ ಹೆಚ್ಚಿತ್ತು, ಅಂದರೆ ರೋಗ ಕೂಸಿಗೇ ಹತ್ತಿತ್ತು. ಬೆನ್ನಿನಿಂದ ನೀರು ತೆಗೆದೂ ಪರೀಕ್ಷೆ ಮಾಡಿದರು. ರೋಗದ ಹೆಸರು ಸಿಫಿಲಿಸ್, ಬಸಿರಿನಲ್ಲೇ ಬಂದದ್ದು. ಹುಟ್ಟುವಾಗ ಎಷ್ಟೋ ಸಲ ಏನೂ ಕಾಣುವುದಿಲ್ಲ, ವಾರಗಳು ಕಳೆದ ಮೇಲೆ ಮೂಗಿನಿಂದ ಶುರುವಾಗುತ್ತದೆ.

"ಪರಂಗಿ ಬ್ಯಾನಿ?" ಅಮೃತವ್ವನ ಬಾಯಿಂದ ಅಷ್ಟೇ ಹೊರಟಿತು. ಹಿಂದಿನವರು ಅದನ್ನು ಹಾಗೆ ಕರೆದದ್ದು ಕೇಳಿದ್ದಳು.

"ಹೌದ್ರಿ. ಪೆನಿಸಿಲಿನ್ ಕೊಟ್ವಿ, ಕೂಸು ಉಳೀತು. ಕೈ ಆಡಸಾಕತ್ತೇತಿ."

ಫೋನಿನಿಂದ ಕಾಂಚನಾ ಮಾತಾಡಿದಳು. "ಲಕ್ಷ್ಮೇಶ್ವರದ ಡಾಕ್ಟರನ್ನ ಕೇಳಿದ್ವಿ, ಮೂರನೇ ತಿಂಗಳ ಪರೀಕ್ಷಾದಾಗ ಗೊತ್ತಾಗಿತ್ತಂತ, ಆಯಿ. ಇಬ್ಬರೂ ಬಂದು ಸೂಜಿ ಮಾಡಿಸ್ಕೊಳ್ರಿ ಅಂತ ಡಾಕ್ಟರು ಇವರಿಗೆ ಹೇಳಿದ್ರಂತ. ಅವಾಗ ಸೂಜಿ ಮಾಡಿದ್ರ ಕೂಸಿಗೆ ಏನೂ ಆಗ್ತಿದ್ದಿಲ್ಲ. ಇವರು ಹುಬ್ಬಳ್ಳಿಗೆ ಹೋಗಿ ತಾವು ಮಾಡಿಸ್ಕೊಂಡು ಬಂದ್ರು. ನನಗ ಖರ್ಜೂರ ತಂದ್ರು."

ಅಮೃತವ್ವನಿಗೆ ಖರ್ಜೂರ ತಿನ್ನುವವಳ ಗಂಡನನ್ನು ಹರಸಿದ್ದು ನೆನಪಾಗಿ ಬಾಯಿ ಕಹಿಯಾಯಿತು.

ಕೂಸಿನ ಮೂಗಿನ ಲೋಳೆಯಲ್ಲಿ ರೋಗವಿತ್ತು, ಬಿರುಕು ಬಿಟ್ಟ ಬೆರಳಿನಿಂದ ಒಳಗೆ ಹೋಯಿತು ಎಂದು ಪದ್ಮಜಾ ತಿಳಿಸಿದಳು. ಆ ಮನೆಯ ಉಳಿದವರೆಲ್ಲರೂ ಬಂದು ರಕ್ತ ಕೊಟ್ಟು, ಏನೂ ಇಲ್ಲವೆಂದು ತಿಳಿದುಕೊಂಡು ಹೋಗಿದ್ದರು. ಅಮೃತವ್ವನ ರಕ್ತ ಮಾತ್ರ ಕೆಟ್ಟದ್ದೇ ಬಂತು. ಗಂಡ ಸತ್ತು ಇಷ್ಟು ವರ್ಷ ತಲೆ ಎತ್ತಿ ಬಾಳಿದ ಹೆಂಗಸಿಗೆ ಆ ರೋಗ. ಸೂಜಿಗೆ ವಾಸಿಯಾಗುತ್ತದೆ, ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ ಎಂದು ಪದ್ಮಜಾ ಮತ್ತೆ ಮತ್ತೆ ಹೇಳಿದಳು. ಸೂಜಿ ಭಾರಿ ನೋವಿತ್ತು. ಅಮೃತವ್ವ ಕುಂಟುತ್ತ ನೇರ ಅನ್ನಪೂರ್ಣವ್ವನ ಮನೆಗೆ ಹೋದಳು.

ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಪಡಸಾಲೆಯ ತನಕ ನಡೆದಳು.

"ಎಲುಬು ಕೂಡಾಕತ್ತೇತಿ ಅಂದಿಯಲ್ಲಕ್ಕಾ. ಮುರಿಲಾರದ ಎಲುಬು ಹೆಂಗ ಕೂಡ್ತೈತಿ?"

ಅನ್ನಪೂರ್ಣವ್ವ ಎದ್ದು ಮೊದಲು ಬಾಗಿಲು ಹಾಕಿದಳು. "ಮೆಲ್ಲಕ ಮಾತಾಡು. ನನ್ನ ಮಗಳ ಸಂಸಾರ, ಅಮೃತವ್ವಾ. ಒಬ್ಬಾಕಿನ ಮಗಳು."

"ನನಗೂ ಹತ್ತೇತಿ. ಬೆರಳು ನೋಡು. ನಿಮ್ಮದು ಎಲ್ಲಾರ್ದೂ ನೋಡಿಸ್ಕೊಂಡ್ರಿ, ನನಗ ಒಂದು ಮಾತು ಹೇಳಾಕ ಆಗಲಿಲ್ಲ? ನಾ ಇನ್ನೊಂದು ಕೂಸಿಗೆ ಎರದಿದ್ರ?"

"ನಿನ್ನ ಯಾರೂ ಕರಿಯಾಕತ್ತಿದ್ದಿಲ್ಲಲ್ಲ..." ಎಂದು ಅನ್ನಪೂರ್ಣವ್ವ ಅಂದುಬಿಟ್ಟಳು. ಅಂದ ಮೇಲೆ ತಾನೇ ತಲೆ ತಗ್ಗಿಸಿದಳು. ಲೆಕ್ಕ ಹಾಕಿಯೇ ಸುಮ್ಮನಿದ್ದಳು ಎಂದು ಅಮೃತವ್ವನಿಗೆ ಆಗ ತಿಳಿಯಿತು.

"ರೋಗದ ಹೆಸರು ಹೇಳಬ್ಯಾಡ. ಅಮೃತವ್ವ ಕೈ ಮುರದಿಲ್ಲ ಅಂತ ಅಷ್ಟ ಹೇಳು, ಓಣ್ಯಾಗ. ಮತ್ತೇನೂ ಬೇಡೂದಿಲ್ಲ ನಾ."

"ಹೆಂಗ ಹೇಳ್ಲಿ? ಮುರದಿಲ್ಲ ಅಂದ್ರ, ಮತ್ತ ಕೂಸು ಇಷ್ಟು ದಿನ ದವಾಖಾನ್ಯಾಗ ಯಾಕೈತಿ ಅಂತಾರ. ಆಮ್ಯಾಲ ನಾ ಏನ್ ಹೇಳ್ಲಿ?" ಅನ್ನಪೂರ್ಣವ್ವ ಆಕೆಯ ಕೈ ಹಿಡಿದುಕೊಂಡಳು. "ನೀ ಒಬ್ಬಾಕಿ ಇದ್ದಿ. ನಿನಗ ಕೊಡೂ ಮಕ್ಕಳಿಲ್ಲ, ತರೂ ಮಕ್ಕಳಿಲ್ಲ. ನಾಕು ದಿನ ಅಂತಾರ, ಮರೀತಾರ. ಕಾಂಚನಾ ನಿನಗೂ ಮಗಳಲ್ಲೇನು?"

ಅಮೃತವ್ವ ಕೈ ಬಿಡಿಸಿಕೊಂಡಳು. ಬೇಕಾದರೆ ಆಗಲೇ ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಕೂಗಬಹುದಿತ್ತು. ಬಾಯಿಗೇನು ಕಮ್ಮಿಯೇ? ಆದರೆ ಕೂಗಿದರೆ ಮಾತು ಬೀಳುವುದು ಕಾಂಚನಾಳ ಮೇಲೆ. ಅರಳೆಯಲ್ಲಿ ಸುತ್ತಿ ಬದುಕಿಸಿದ ಮಗಳ ಮೈಗೆ ರೋಗದ ಹೆಸರು ಅಂಟಿಸಿ ತನ್ನ ಹೆಸರು ತೊಳೆದುಕೊಳ್ಳುವುದು ಆಗಲಿಲ್ಲ. ಅನ್ನಪೂರ್ಣವ್ವ ನಂಬಿಕೊಂಡದ್ದೂ ಅದನ್ನೇ. ಮನೆಗೆ ಬಂದು ದಿಂಬನ್ನು ಎತ್ತಿ ಮೂಲೆಗೆ ಒಗೆದಳು.

ಕಾಂಚನಾ ದವಾಖಾನೆಯಿಂದ ಮನೆಗೆ ಬಂದದ್ದನ್ನೂ ಓಣಿಯಿಂದಲೇ ಕೇಳಿದಳು. ಫೋನಿನಲ್ಲಿ ಅಷ್ಟು ಅತ್ತವಳು ಒಂದು ದಿನವೂ ಅಮೃತವ್ವನ ಬಾಗಿಲಿಗೆ ಬರಲಿಲ್ಲ. ಇವಳೂ ತಾಯಿಯ ಮಗಳೇ ಎಂದು ಅಮೃತವ್ವ ಆ ಆಸೆಯನ್ನೂ ಬಿಟ್ಟಳು.

ಬಾಣಂತನ ಮುಗಿದು ಕಾಂಚನಾಳನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ಆ ಓಣಿಯಲ್ಲಿ ಒಂದು ಪದ್ಧತಿ. ಬಾಣಂತಿಗೆ ಉಡಿ ತುಂಬುವ ಮೊದಲು ಎರೆದವಳನ್ನು ಮಣೆಯ ಮೇಲೆ ಕೂಡಿಸಿ, ಸೀರೆ ಕೊಟ್ಟು, ಕೂಸನ್ನು ಆಕೆಯ ಕಾಲ ಮೇಲೆ ಕೊನೆಯ ಸಲ ಮಲಗಿಸುತ್ತಾರೆ. ಅಮೃತವ್ವನಿಗೆ ಕರೆ ಬರಲಿಲ್ಲ. ವೀರೇಶನ ಕಾರು ಬಂದು ನಿಂತ ಸದ್ದು ಕೇಳಿತು. ಆಕೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ, ಕೇಳದವಳಂತೆ ಕೂತಿದ್ದಳು.

ಆಗ ಕಾಂಚನಾ ಓಣಿಯ ನಡುವೆ ನಡೆದು ಬಂದಳು. ತಲೆಯ ಮೇಲೆ ಸೆರಗು, ತೋಳಿನಲ್ಲಿ ಕೂಸು. ಉಡಿ ತುಂಬಲು ಬಂದಿದ್ದ ಹೆಂಗಸರೆಲ್ಲ ಏನಾಯಿತೆಂದು ಹಿಂದೆ ಹಿಂದೆ ಬಂದರು. ವೀರೇಶ ಕಾರಿನ ಪಕ್ಕದಲ್ಲಿ ನಿಂತು ಫೋನ್ ನೋಡುತ್ತಿದ್ದವನು ತಲೆ ಎತ್ತಿದ. ಕಾಂಚನಾ ಕಟ್ಟೆಯ ಕೆಳಗೆ ನಿಂತಳು.

"ಆಯಿ, ಕಾಲು ನೀಡು. ಇಲ್ಲೇ ಎರಿ."

"ಇಲ್ಲಿ? ಓಣ್ಯಾಗ?"

"ಹ್ಞೂ, ಎಲ್ಲಾರೂ ನೋಡ್ಲಿ." ತಿರುಗಿ ತಾಯಿಯನ್ನು ನೋಡಿದಳು. "ಅವ್ವಾ, ಬಿಸಿನೀರು ತೊಗೊಂಡು ಬಾ."

ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನುವಂತಿರಲಿಲ್ಲ. ಅನ್ನಪೂರ್ಣವ್ವ ತಂಬಿಗೆ, ನೀರಿನ ಕೊಡ ತಂದಿಟ್ಟಳು. ಅಮೃತವ್ವ ಅಕ್ಕಿಯ ಮೊರ ಸರಿಸಿ, ಸೀರೆ ಏರಿಸಿ, ಕಾಲು ನೀಡಿದಳು. ಬೆರಳ ಹುಣ್ಣು ಮಾಯ್ದಿತ್ತು. ಮೊದಲ ತಂಬಿಗೆ ನೀರು ಮೈಮೇಲೆ ಬಿದ್ದದ್ದೇ ಕೂಸು ಎಡಗೈ ಬಡಿದು ಆಕೆಯ ಮುಖಕ್ಕೆಲ್ಲ ಹಾರಿಸಿತು.

"ಬೇಶ್, ಎಲುಬು ಚಲೋ ಕೂಡೇತಿ ನೋಡ್ರೆವಾ!" ಎಂದಳು ಗುಂಪಿನಲ್ಲಿದ್ದ ಒಬ್ಬಾಕೆ.

"ಕೂಡಿಲ್ಲ. ಮುರದ ಇದ್ದಿಲ್ಲ," ಎಂದಳು ಕಾಂಚನಾ. "ಬ್ಯಾನಿ ಇತ್ತು, ರಕ್ತದ್ದು. ಇದರಪ್ಪನಿಂದ ನನಗ ಬಂತು, ನನ್ನ ಹೊಟ್ಟ್ಯಾಗ ಇದಕ್ಕ ಬಂತು. ಇವರಿಗೆ ಮೊದಲ ಗೊತ್ತಿತ್ತು, ನನಗ ಹೇಳಲಿಲ್ಲ. ಅವ್ವಗ ಆಮ್ಯಾಲ ಗೊತ್ತಾತು, ನಿಮಗ ಹೇಳಲಿಲ್ಲ. ನನಗ ಇಷ್ಟು ದಿನ ಧೈರ್ಯ ಆಗಲಿಲ್ಲ. ಅಮೃತಾಯಿ ಮ್ಯಾಲ ಹಾಕಿ ನಾವೆಲ್ಲಾ ಸುಮ್ಮ ಕುಂತ್ವಿ. ಅವರ ಕಾರು ಹೊಳ್ಳಿ ಹೋಗ್ಲಿ, ನಾ ಇವತ್ತ ಬರಾಂಗಿಲ್ಲ."

ವೀರೇಶ ಒಂದು ಹೆಜ್ಜೆ ಮುಂದೆ ಇಟ್ಟು, ಹೆಂಗಸರೆಲ್ಲ ತನ್ನ ಕಡೆ ತಿರುಗಿದ್ದು ಕಂಡು ಕಾರಿನೊಳಗೆ ಹೋಗಿ ಕೂತ.

ಅಮೃತವ್ವ ಅವನನ್ನು ನೋಡಲಿಲ್ಲ. ನೋಡಿದ್ದು ಅನ್ನಪೂರ್ಣವ್ವನನ್ನು. ತಪ್ಪಾತು ಅನ್ನುವುದು ಬೇಡ, ಹೌದು ಅಂತ ಒಂದೇ ಮಾತು ಆ ಬಾಯಿಂದ ಬರಲಿ ಎಂದು ಕಾದಳು. ಅಷ್ಟು ವರ್ಷ ಇಬ್ಬರು ಅವ್ವಂದಿರು ಎಂದ ಬಾಯಿ ಅದು. ಅನ್ನಪೂರ್ಣವ್ವ ನೆಲ ನೋಡುತ್ತಲೇ ಅಂದಳು:

"ನೀರು ಆರಾಕತ್ತಾವ. ಜಲ್ದಿ ಮುಗಸು."

ಅಮೃತವ್ವ ಮುಗಿಸಿದಳು. ಕೊನೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಕೂಸಿನ ಸುತ್ತ ಮೂರು ಸಲ ಇಳಿಸಿದಳು. "ಅಪ್ಪನ ದೃಷ್ಟಿ, ಆಯಿ ದೃಷ್ಟಿ, ಹೋದವರ ದೃಷ್ಟಿ, ಬಂದವರ ದೃಷ್ಟಿ, ಎಲ್ಲಾ ಹೋಗ್ಲಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ಕೂಸಿನ ಸ್ವಂತ ಆಯಿ ಅನ್ನಪೂರ್ಣವ್ವ ನಿಂತಿದ್ದ ಕಡೆಗೆ ನೀರು ಎರಚಿದಳು. ಅವ್ವನ ದೃಷ್ಟಿ ಅನ್ನಲಿಲ್ಲ, ಎರದಾಕಿ ದೃಷ್ಟಿಯನ್ನೂ ಅನ್ನಲಿಲ್ಲ. ಕೂಸನ್ನು ತನ್ನ ಸೆರಗಿನಲ್ಲೇ ಒರೆಸಿ ಕಾಂಚನಾಳ ಕೈಗೆ ಕೊಟ್ಟು, ಮೊರ ಎಳೆದುಕೊಂಡು ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು.